ಗೊರಗುಂಟೆಪಾಳ್ಯದಲ್ಲಿ ಒಂದು ಗುಂಟೆ ಜಾಗ ಹುಡುಕುತ್ತಾ...

ಬ್ಲಾಗಿನ ಕಡೆ ತಲೆ ಹಾಕಿ ಬಹಳ ದಿನಗಳಾದವು. "ಏನು, ಬರೆಯೋದು ಬಿಟ್ಟೇಬಿಟ್ರಾ?" ಅಂತ ಇಬ್ಬರು ಮೂವರು ಬ್ಲಾಗಿಗ ಮಿತ್ರರು ಮೇಲ್ ಮಾಡಿ ಕೇಳಿದ್ದರು. ಬಿಟ್ಟಿಲ್ಲ ಮಾರಾಯ್ರೆ, ಹಗ್ಗ ಹಿಡಿದುಕೊಂಡು ನೆಲ ಅಳೆಯುತ್ತಿದ್ದೆ! ತಮಾಷೆಯಲ್ಲ, ನಿಜವಾಗಿಯೂ. ಆ ಕಥೆ ಹೇಳಬೇಕು ಅಂದರೆ ಜೊತೆಗೆ ಒಂದಿಷ್ಟು ಚರಿತ್ರೆಯನ್ನೂ ಹೇಳಬೇಕಾಗುತ್ತದೆ. ಬರಹ ಸ್ವಲ್ಪ ಉದ್ದ, ಕಾಫಿ ಇಟ್ಟುಕೊಂಡು ಕೂತ್ಕೊಳ್ಳಿ :-)

ನನ್ನ ಮಗಳು ಹೋಗುವುದು ಮನೆಗೆ ಹತ್ತಿರದ ಒಂದು ಚಿಕ್ಕ ಮಾಂಟೆಸ್ಸರಿ ಶಾಲೆಗೆ. ಅವಳಿಗೆ ಈಗ ಹತ್ತು ವರ್ಷ. ಒಂಬತ್ತರಿಂದ ಹನ್ನೆರಡು ವರ್ಷದ ಹತ್ತು ಮಕ್ಕಳು ಒಂದೇ ಕೋಣೆಯಲ್ಲಿ ಕಲಿಯುತ್ತಾರೆ. ಒಂದು ದಿನ ಭೂಪಟ ಬರೆಯುವಾಗ ಒಬ್ಬ ಹುಡುಗ ಕೇಳಿದನಂತೆ, "ಆಂಟಿ, ನಮ್ಮ ಗೊರಗುಂಟೆಪಾಳ್ಯದ ಹೆಸರಲ್ಲೇ ಗುಂಟೆ ಇದೆಯಲ್ಲ, ಗುಂಟೆ ಅಂದ್ರೆ ಎಷ್ಟು ದೊಡ್ಡದು?" ಊರ ಹೆಸರು ಬಂದದ್ದು ಅಳತೆಯ ಗುಂಟೆಯಿಂದಲೇ ಅಂತ ಯಾರೂ ವಾದ ಹೂಡಲಿಲ್ಲ ಬಿಡಿ, ಮಕ್ಕಳ ಕಿವಿಗೆ ಕೇಳಿದ್ದು ಹಾಗೆ. ನಮ್ಮ ಕಾಲದ ಮೇಷ್ಟ್ರಾಗಿದ್ದರೆ "ನಲವತ್ತು ಗುಂಟೆಗೆ ಒಂದು ಎಕರೆ, ಹತ್ತು ಸಲ ಬರಿ" ಅನ್ನುತ್ತಿದ್ದರು. ಇವರ ಟೀಚರ್ ಹೇಳಿದ್ದು ಇಷ್ಟೇ: "ಹೇಗೆ ತಿಳ್ಕೋಬಹುದು?"

ಮಕ್ಕಳು ಮನೆಮನೆಯ ಅಜ್ಜ ಅಜ್ಜಿಯರನ್ನು ಕೇಳಿ ಉತ್ತರ ತಂದರು. ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ. ಒಟ್ಟು 1089 ಚದರ ಅಡಿ. ಅಲ್ಲಿಗೇ ಒಂದು ಆಶ್ಚರ್ಯ. ಬೆಂಗಳೂರಿನವರ ಜೀವಮಾನದ ಕನಸಾದ ಮೂವತ್ತು-ನಲವತ್ತು ಸೈಟಿದೆಯಲ್ಲ, ಅದು 1200 ಚದರ ಅಡಿ, ಗುಂಟೆಗಿಂತ ದೊಡ್ಡದು! ಹಳ್ಳಿಯಲ್ಲಿ "ಬರೀ ಒಂದು ಗುಂಟೆ" ಅನ್ನುವ ಜಾಗ ಇಲ್ಲಿ ಒಂದು ಮನೆಯಾಗಿಬಿಡುತ್ತದೆ.

ಇನ್ನು ಅಳೆದು ನೋಡಬೇಕು. ಆದರೆ ಎಲ್ಲಿ? ಶಾಲೆಯ ಅಂಗಳ ಸಾಲದು, ಬೀದಿಗಳು ಇಪ್ಪತ್ತು ಅಡಿಯವು. ಹುಡುಕಿ ಹುಡುಕಿ ಸಿಕ್ಕಿದ್ದು ರಸ್ತೆಯಾಚೆಯ ಒಂದು ಕಲ್ಯಾಣ ಮಂಟಪದ ಪಾರ್ಕಿಂಗ್ ಜಾಗ, ಮುಹೂರ್ತ ಇಲ್ಲದ ದಿನ ಖಾಲಿ. ಮಕ್ಕಳೇ ಕನ್ನಡದಲ್ಲಿ ಪತ್ರ ಬರೆದು ಒಪ್ಪಿಗೆ ಪಡೆದರು. ತೊಂದರೆ ಇದ್ದದ್ದು ಆ 'ರಸ್ತೆಯಾಚೆ' ಅನ್ನುವ ಮಾತಿನಲ್ಲಿ. ಗೊರಗುಂಟೆಪಾಳ್ಯ ಜಂಕ್ಷನ್ ನೋಡಿದವರಿಗೆ ಅರ್ಥವಾಗುತ್ತದೆ. ಔಟರ್ ರಿಂಗ್ ರೋಡು ಬಂದು ತುಮಕೂರು ರಸ್ತೆಗೆ ಸೇರುವ ಜಾಗ ಅದು. ಊರಿಗೆ ಹೋಗುವ ಬಸ್ಸು, ಲಾರಿ, ಟ್ಯಾಂಕರ್, ಕಂಟೈನರ್ ಎಲ್ಲದಕ್ಕೂ ಅದೇ ಬಾಗಿಲು. ಮನೆಗೆ ಒಪ್ಪಿಗೆ ಚೀಟಿ ಬಂತು. ಹತ್ತು ಮಕ್ಕಳಲ್ಲಿ ನಾಲ್ವರ ಮನೆಯವರು ಆಗಲ್ಲ ಅಂದರು. ಅವರನ್ನು ದೂರುವ ಹಕ್ಕು ನನಗಿಲ್ಲ, ಮೊದಲ ದಿನ ನಾನೂ ಸಹಿ ಹಾಕಿರಲಿಲ್ಲ. "ಅಳತೆ ಪುಸ್ತಕದಲ್ಲೇ ಇದೆಯಲ್ಲ, ಅದಕ್ಕೆ ಹೊರಗೆ ಯಾಕೆ ಹೋಗಬೇಕು?" ಅಂತ ಮಗಳ ಮುಂದೆಯೇ ಕೇಳಿದ್ದೆ.

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ರಾತ್ರಿಯೆಲ್ಲ ಓದಿದ್ದೇ ಈ ಬರಹಕ್ಕೆ ಮೂಲ.

*

ಮಾಂಟೆಸ್ಸರಿ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಬಣ್ಣದ ಬೋರ್ಡು, ದುಬಾರಿ ಫೀಸು ಅಲ್ಲವೇ? ಮೊದಲು ಹುಟ್ಟಿದ್ದು ಹಾಗಲ್ಲ. ಮರಿಯಾ ಮಾಂಟೆಸ್ಸರಿ ಓದಿದ್ದು ವೈದ್ಯಕೀಯ. ರೋಮ್‌ನಲ್ಲಿ ಬುದ್ಧಿಮಾಂದ್ಯರು ಅಂತ ಪಕ್ಕಕ್ಕೆ ತಳ್ಳಿದ್ದ ಮಕ್ಕಳ ಜೊತೆ ಕೆಲಸ ಮಾಡುವಾಗ, ಇಟಾರ್ ಮತ್ತು ಸೆಗ್ವಾನ್ ಎಂಬ ಫ್ರೆಂಚ್ ವೈದ್ಯರ ಬರಹಗಳನ್ನು ಓದಿ, ಕೈಗೆ ವಸ್ತು ಕೊಟ್ಟರೆ ಮಗುವಿನ ಬುದ್ಧಿ ಅರಳುತ್ತದೆ ಅನ್ನುವುದನ್ನು ಕಂಡುಕೊಂಡರು. 1907ರ ಜನವರಿ 6ರಂದು ರೋಮ್‌ನ ಸ್ಯಾನ್ ಲೊರೆಂಜೊ ಎಂಬ ಬಡಾವಣೆಯಲ್ಲಿ ಮೊದಲ 'ಮಕ್ಕಳ ಮನೆ' ತೆರೆಯಿತು. ಅದು ಕೂಲಿಕಾರರ ಬಡಾವಣೆ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋದರೆ ಮಕ್ಕಳು ಗೋಡೆ, ಮೆಟ್ಟಿಲು ಹಾಳು ಮಾಡುತ್ತಾರೆ ಅಂತ ಕಟ್ಟಡದ ಮಾಲೀಕರಿಗೆ ಚಿಂತೆ. ಆ ಮಕ್ಕಳನ್ನು ಒಂದು ಕಡೆ ಕೂರಿಸಲು ಕೊಟ್ಟ ಕೋಣೆಯಲ್ಲಿ ಹುಟ್ಟಿದ ಪದ್ಧತಿ ಇದು!

ಇದನ್ನು ಓದುವಾಗ ನನಗೆ ನಮ್ಮ ಏರಿಯಾನೇ ನೆನಪಾಯಿತು. ನಮ್ಮದೂ ಕೈಕೆಲಸದವರ ಊರೇ. ಒಂದು ಪಕ್ಕದಲ್ಲಿ 1970ರ ದಶಕದಲ್ಲಿ ಬೆಳೆದ ಪೀಣ್ಯ ಕೈಗಾರಿಕಾ ಪ್ರದೇಶ. ತುಮಕೂರು ರಸ್ತೆಯಲ್ಲೇ 1962ರಲ್ಲಿ ಶುರುವಾದ, ಯಂತ್ರ ಮಾಡುವ ಯಂತ್ರಗಳನ್ನು ಅಧ್ಯಯನ ಮಾಡುವ ಸಿಎಂಟಿಐ. ಇನ್ನೊಂದಿಷ್ಟು ದೂರದ ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ ಬಂತು, 1961ರಲ್ಲಿ ಅದರ ಕೈಗಡಿಯಾರ ಬಂತು. ನಮ್ಮಪ್ಪ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದರು. ಓದಿದ್ದು ಏಳನೇ ಕ್ಲಾಸು. ಅವರ ಟೂಲ್ ಬಾಕ್ಸ್ ಮುಟ್ಟಲು ಹೋದರೆ "ಕೈ ಕೊಳೆ ಮಾಡ್ಕೋಬೇಡ, ಹೋಗಿ ಓದ್ಕೋ" ಅನ್ನುತ್ತಿದ್ದರು. ಓದು ಬೇರೆ, ಕೈ ಬೇರೆ ಅಂತಲೇ ನಾನು ಬೆಳೆದದ್ದು.

*

ಈಗ ನಮ್ಮ ದೇಶದ ಕಥೆಗೆ ಬರೋಣ. 1939ರ ನವೆಂಬರಿನಲ್ಲಿ ಮಾಂಟೆಸ್ಸರಿ ಮದರಾಸಿಗೆ ಬಂದರು. ಕರೆಸಿದವರು ಥಿಯಸಾಫಿಕಲ್ ಸೊಸೈಟಿಯ ಜಾರ್ಜ್ ಅರುಂಡೇಲ್ ಮತ್ತು ರುಕ್ಮಿಣೀದೇವಿ. ಆಗ ಆಕೆಗೆ 69 ವರ್ಷ, ಜೊತೆಯಲ್ಲಿ ಮಗ ಮಾರಿಯೊ. ಅಡ್ಯಾರಿನ ಮರಗಳ ಕೆಳಗೆ, ತಾಳೆಗರಿಯ ಗುಡಿಸಲುಗಳಲ್ಲಿ, ಸುಮಾರು 300 ಜನ ಶಿಕ್ಷಕರಿಗೆ ತರಬೇತಿ ನಡೆಯಿತು. ಕೆಲವು ತಿಂಗಳು ಇದ್ದು ಹೊರಡುವ ಲೆಕ್ಕ. ಅಷ್ಟರಲ್ಲಿ 1940ರ ಜೂನ್‌ನಲ್ಲಿ ಇಟಲಿ ಯುದ್ಧಕ್ಕೆ ಇಳಿಯಿತು. ಬ್ರಿಟಿಷರ ಲೆಕ್ಕದಲ್ಲಿ ತಾಯಿ ಮಗ ಇಬ್ಬರೂ ಶತ್ರುದೇಶದವರು! ಮಾರಿಯೊ ಬಂಧನ ಶಿಬಿರಕ್ಕೆ ಹೋದರು, ತಾಯಿಯ ಓಡಾಟಕ್ಕೆ ನಿರ್ಬಂಧ ಬಿತ್ತು. ಆಗಸ್ಟ್ 31ಕ್ಕೆ ಆಕೆಗೆ 70 ತುಂಬಿತು. ಆ ಹುಟ್ಟುಹಬ್ಬಕ್ಕೆ ವೈಸರಾಯ್ ಕೊಟ್ಟ ಉಡುಗೊರೆ ಏನು ಗೊತ್ತಾ? ಮಗನ ಬಿಡುಗಡೆ.

ಆದರೆ ನಿರ್ಬಂಧ ಪೂರ್ತಿ ಹೋಗಲಿಲ್ಲ. 1942ರಿಂದ 1944ರವರೆಗೆ ತಾಯಿ ಮಗ ಕೊಡೈಕನಾಲ್ ಬೆಟ್ಟದಲ್ಲಿದ್ದರು. ಅಲ್ಲೊಂದು ಪುಟ್ಟ ಶಾಲೆ ನಡೆಯಿತು, ಬೇರೆ ಬೇರೆ ವಯಸ್ಸಿನ ಮಕ್ಕಳು ಒಟ್ಟಿಗೆ. ಸುತ್ತ ಕಾಡು, ಕೆರೆ. ಪಾಚಿ, ಎಲೆ, ಬೇರು, ನೀರಿನ ಹುಳ ಎಲ್ಲ ಪಾಠಕ್ಕೆ ಬಂದವು. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಏನು ಕಲಿಸಬೇಕು, ಹೇಗೆ ಕಲಿಸಬೇಕು ಅನ್ನುವುದು ಬಹುಮಟ್ಟಿಗೆ ಗಟ್ಟಿಯಾದದ್ದು ಆ ವರ್ಷಗಳಲ್ಲೇ. ಭೂಮಿ ಹುಟ್ಟಿದ ಕಥೆಯಿಂದ ಶುರುಮಾಡಿ ಗಿಡ, ಪ್ರಾಣಿ, ಮನುಷ್ಯ, ಲಿಪಿ, ಲೆಕ್ಕ ಎಲ್ಲವನ್ನೂ ಒಂದೇ ದಾರದಲ್ಲಿ ಪೋಣಿಸುವ 'ವಿಶ್ವಶಿಕ್ಷಣ' ಇದು. ಈ ಬಗ್ಗೆ ಆಕೆಯ ಪುಸ್ತಕ ಅಚ್ಚಾದದ್ದೂ ಅಡ್ಯಾರಿನಲ್ಲೇ, 1948ರಲ್ಲಿ.

ಇದರಲ್ಲಿ ಒಂದು ಮುಖ್ಯ ಭಾಗ 'ಹೊರಹೋಗುವುದು'. ನಮ್ಮ ಶಾಲೆಗಳ ಪಿಕ್ನಿಕ್ ಥರ ಅಲ್ಲ, ನೂರು ಮಕ್ಕಳನ್ನು ಬಸ್ಸಿಗೆ ತುಂಬಿ ಮೃಗಾಲಯ ತೋರಿಸಿ ಪುಳಿಯೋಗರೆ ತಿನ್ನಿಸಿ ವಾಪಸ್ ತರುವುದಲ್ಲ. ಕೋಣೆಯೊಳಗೆ ಎದ್ದ ಪ್ರಶ್ನೆಗೆ ಕೋಣೆಯೊಳಗೆ ಉತ್ತರ ಸಿಗದಾಗ, ಕೆಲವೇ ಮಕ್ಕಳು ತಾವೇ ಯೋಜನೆ ಹಾಕಿ, ದಾರಿ ನೋಡಿಕೊಂಡು, ಪತ್ರ ಬರೆದು, ಕಾಸು ಎಣಿಸಿಕೊಂಡು ಹೊರಡುವುದು. ದೊಡ್ಡವರೊಬ್ಬರು ಹಿಂದೆ ಹೋಗಬೇಕು, ಬಾಯಿ ಮುಚ್ಚಿಕೊಂಡು. ಆರು ದಾಟಿದ ಮಗುವಿಗೆ ಕೋಣೆ ಸಾಲದು, ಅದಕ್ಕೆ ಸಮಾಜ ಬೇಕು ಅನ್ನುವುದು ಇದರ ತಿರುಳು.

ಇಲ್ಲಿಗೆ ಬಂದಾಗ ನಾನು ಓದುವುದನ್ನು ನಿಲ್ಲಿಸಿ ಸುಮ್ಮನೆ ಕೂತೆ. ತಾನೇ ಎಲ್ಲಿಗೂ ಮನಸ್ಸು ಬಂದಂತೆ ಹೋಗಲಾಗದ ಒಬ್ಬ ಮುದುಕಿ, ಪರದೇಶದಲ್ಲಿ, ಯುದ್ಧದ ಮಧ್ಯೆ ಕೂತು, ಮಕ್ಕಳಿಗೆ ಜಗತ್ತನ್ನೇ ತೋರಿಸುವ ಪಾಠ ಕಟ್ಟುತ್ತಿದ್ದಳು. ಯಾರ ನಿರ್ಬಂಧವೂ ಇಲ್ಲದ ನಾನು, ಒಂದು ರಸ್ತೆ ದಾಟುವ ಚೀಟಿಗೆ ಸಹಿ ಹಾಕಲು ಹಿಂಜರಿಯುತ್ತಿದ್ದೆ. ಬೆಳಿಗ್ಗೆ ಎದ್ದು ಸಹಿ ಹಾಕಿದೆ. ಜೊತೆಗೆ "ಹಿಂದೆ ಬರುವ ದೊಡ್ಡವರು ನಾನಾಗಬಹುದಾ?" ಅಂತಲೂ ಬರೆದೆ.

*

ಇದೆಲ್ಲ ಹೊರಗಿನಿಂದ ಬಂದದ್ದು, ನಮ್ಮಲ್ಲಿ ಇರಲಿಲ್ಲ ಅಂತ ತಿಳಿಯಬೇಡಿ. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲೇ ಬಾಲಮಂದಿರ ತೆರೆದಿದ್ದರು. ಅವರ 'ದಿವಾಸ್ವಪ್ನ' ನಾಲ್ಕನೇ ತರಗತಿಯ ಮಕ್ಕಳಿಗೆ ಕಥೆ, ಆಟ, ತಿರುಗಾಟದ ಮೂಲಕ ಪಾಠ ಹೇಳುವ ಒಬ್ಬ ಮೇಷ್ಟ್ರ ಕಥೆ. ಗಾಂಧೀಜಿ 1931ರಲ್ಲಿ ಲಂಡನ್ನಿನಲ್ಲಿ ಮಾಂಟೆಸ್ಸರಿಯನ್ನು ಕಂಡಿದ್ದರು. 1937ರಲ್ಲಿ ವಾರ್ಧಾದಲ್ಲಿ ಅವರು ಮುಂದಿಟ್ಟ ನಯೀ ತಾಲೀಮಿನ ಬುಡವೂ ಕೈಯೇ, ಅಲ್ಲಿ ಚರಕವೇ ಪಠ್ಯ.

ಕನ್ನಡದಲ್ಲಿ? ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಜೊತೆ ಆಟ, ಕುಣಿತ, ಚಿತ್ರದ ಮೂಲಕ ಪ್ರಯೋಗ ಮಾಡಿದರು. 1936ರಲ್ಲಿ ಮೂರು ಸಂಪುಟಗಳ 'ಬಾಲಪ್ರಪಂಚ' ಕೊಟ್ಟರು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಆರ್. ಕಲ್ಯಾಣಮ್ಮನವರು 1938ರಲ್ಲಿ ಮಕ್ಕಳ ಕೂಟ ಕಟ್ಟಿದರು. ಇನ್ನೂ ಹತ್ತಿರದ್ದು ಅಂದರೆ ನಲಿ-ಕಲಿ. 1995ರಲ್ಲಿ ಎಚ್.ಡಿ. ಕೋಟೆಯ ಸರ್ಕಾರಿ ಶಾಲೆಗಳಲ್ಲಿ, ಯುನಿಸೆಫ್ ನೆರವಿನಿಂದ, ಋಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿಕೊಂಡು ಬಂದ ನಮ್ಮ ಮೇಷ್ಟ್ರುಗಳೇ ಶುರುಮಾಡಿದ್ದು. ಬೇರೆ ಬೇರೆ ತರಗತಿಯ ಮಕ್ಕಳು ಒಟ್ಟಿಗೆ, ಕಾರ್ಡುಗಳು, ಕಲಿಕೆಯ ಏಣಿ, ಪ್ರತಿ ಮಗುವಿಗೆ ಅದರದೇ ವೇಗ. 2009-10ರಿಂದ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಅದು ಬಂತು. ಫೀಸು ಕಟ್ಟಿ ನಾವು ಕೊಳ್ಳುತ್ತಿರುವುದರ ಒಂದು ರೂಪ ಕಾಡಂಚಿನ ಮಕ್ಕಳಿಗೆ ಪುಕ್ಕಟೆ ಸಿಕ್ಕಿತ್ತು. ನಾವು ಗಮನಿಸಲಿಲ್ಲ, ಅಷ್ಟೇ.

*

ಸರಿ, ಗುಂಟೆಗೆ ವಾಪಸ್. ಒಂದು ಶನಿವಾರ ಬೆಳಿಗ್ಗೆ ಆರು ಮಕ್ಕಳು, ಟೀಚರ್, ನಾನು. ಮನೆಯಲ್ಲಿ ಬೇಜಾರಾಗುತ್ತೆ ಅಂತ ಅಪ್ಪನೂ ಹೊರಟರು. ರಸ್ತೆ ದಾಟುವ ಬಗ್ಗೆ ಮಕ್ಕಳು ಹಿಂದಿನ ದಿನವೇ ಚಿತ್ರ ಬರೆದಿದ್ದರು, ಯಾರು ಮುಂದೆ, ಯಾರು ಹಿಂದೆ, ಎಲ್ಲಿ ನಿಲ್ಲಬೇಕು ಅಂತ. ನಿಜ ಹೇಳ್ತೀನಿ, ಆ ದಿನ ನಮ್ಮೆಲ್ಲರಿಗಿಂತ ಹೆಚ್ಚು ಎಚ್ಚರದಿಂದ ರಸ್ತೆ ದಾಟಿದ್ದು ಅವರೇ. ನನ್ನ ಎದೆ ಮಾತ್ರ ಡವಡವ.

ಪಾರ್ಕಿಂಗ್ ಜಾಗದಲ್ಲಿ ಹಗ್ಗ ಹಿಡಿದು 33 ಅಡಿಯ ನಾಲ್ಕು ಬದಿ ಎಳೆದರು. ನಾಲ್ಕೂ ಬದಿ ಸಮ, ಆದರೆ ಚೌಕ ಸೊಟ್ಟ! ಗಾಳಿಪಟದ ಹಾಗೆ ವಾಲಿಕೊಂಡಿತ್ತು. ನಾನು ಬಾಯಿ ತೆರೆದೆ, ಟೀಚರ್ ಕಣ್ಣಲ್ಲೇ ಸುಮ್ಮನಿರಿಸಿದರು. ಮಕ್ಕಳು ಎರಡು ಸಲ ಅಳಿಸಿ ಬರೆದರು. ಮೂರನೇ ಸಲ ಒಬ್ಬಳು ನೇರ ಅಪ್ಪನ ಹತ್ತಿರ ಹೋಗಿ, "ತಾತ, ಮೂಲೆ ನೆಟ್ಟಗೆ ಬರೋದು ಹೇಗೆ?" ಅಂದಳು.

ಅಪ್ಪ ಎದ್ದರು. ಸೀಮೆಸುಣ್ಣ ತೆಗೆದುಕೊಂಡು ಒಂದು ಬದಿಯಲ್ಲಿ ಮೂರಡಿಗೆ ಗುರುತು, ಇನ್ನೊಂದರಲ್ಲಿ ನಾಲ್ಕಡಿಗೆ ಗುರುತು. "ಈಗ ಈ ಎರಡು ಗುರುತಿನ ಮಧ್ಯ ಐದಡಿ ಬರೋ ತನಕ ಹಗ್ಗ ಜರುಗಿಸಿ" ಅಂದರು. ಜರುಗಿಸಿದರು. ಮೂಲೆ ನೆಟ್ಟಗಾಯಿತು. ನಾಲ್ಕು ಮೂಲೆಗೂ ಹಾಗೇ ಮಾಡಿದರು. ನಾನು ಪೈಥಾಗೊರಸ್ ಪ್ರಮೇಯ ಬಾಯಿಪಾಠ ಮಾಡಿ ಹತ್ತಕ್ಕೆ ಹತ್ತು ಅಂಕ ತಗೊಂಡವರಲ್ಲಿ ಒಬ್ಬ ವ್ಯಕ್ತಿ. ಅದು ಅಪ್ಪನಿಗೆ ಗೊತ್ತಿತ್ತು ಅನ್ನುವುದು ನನಗೆ ಗೊತ್ತಿರಲಿಲ್ಲ.

ಆಮೇಲೆ ಲೆಕ್ಕ. 33 ಅಂದರೆ 30 ಮತ್ತು 3. ಕ್ಲಾಸಿನಲ್ಲಿ ಮಣಿಗಳಿಂದ ವರ್ಗ ಕಟ್ಟಿದ್ದ ಮಕ್ಕಳು ಚೌಕದೊಳಗೆ ಎರಡು ಗೆರೆ ಎಳೆದರು. ದೊಡ್ಡ ಚೌಕ 30 ಗುಣಿಸು 30, 900. ಪಕ್ಕದಲ್ಲಿ ಉದ್ದನೆಯ ಎರಡು ಪಟ್ಟಿ, ಒಂದೊಂದೂ 30 ಗುಣಿಸು 3, ಅಂದರೆ 90 ಮತ್ತು 90. ಮೂಲೆಯಲ್ಲಿ ಪುಟಾಣಿ ಚೌಕ, 9. ಕೂಡಿದರೆ 1089! 'ಎ ಪ್ಲಸ್ ಬಿ ಹೋಲ್ ಸ್ಕ್ವೇರ್' ಅಂತ ನಾವು ರಾಗವಾಗಿ ಹೇಳುತ್ತಿದ್ದ ಸೂತ್ರದಲ್ಲಿ ಆ ಎರಡು 'ಎಬಿ' ಎಲ್ಲಿಂದ ಬರುತ್ತವೆ ಅಂತ ನನಗೆ ಯಾವತ್ತೂ ತಿಳಿದಿರಲಿಲ್ಲ. ಅವತ್ತು ಅವುಗಳ ಮೇಲೆ ಕಾಲಿಟ್ಟು ನಿಂತೆ. ನಗಬೇಡಿ, ಗಂಟಲು ಕಟ್ಟಿತ್ತು.

ವಾಪಸ್ ಬರುವಾಗ ಅಪ್ಪನನ್ನು ಕೇಳಿದೆ, "ಇದನ್ನೆಲ್ಲ ನನಗೆ ಯಾಕೆ ಹೇಳಿಕೊಡಲಿಲ್ಲ?" "ಇದು ಓದು ಅಂತ ಯಾರು ಅಂದುಕೊಂಡಿದ್ರು?" ಅಂದರು. ಅಷ್ಟೇ.

*

ಎರಡನೇ ಹೊರಹೋಗುವಿಕೆ ಲಾಲ್‌ಬಾಗಿಗೆ. ಅದಕ್ಕೂ ಮೊದಲು ಶಾಲೆಯ ಕಾರಿಡಾರಿನಲ್ಲಿ 30 ಮೀಟರಿನ ಕರಿಬಟ್ಟೆಯ ಪಟ್ಟಿ ಬಿಚ್ಚಿದ್ದರು. ಅದು ಭೂಮಿಯ ವಯಸ್ಸು, ಸುಮಾರು 450 ಕೋಟಿ ವರ್ಷ. ಒಂದು ಮೀಟರಿಗೆ 15 ಕೋಟಿ ವರ್ಷದ ಲೆಕ್ಕ. ನಮ್ಮ ಜಾತಿಯ ಮನುಷ್ಯ ಬಂದು ಸುಮಾರು 3 ಲಕ್ಷ ವರ್ಷ, ಅಂದರೆ ಪಟ್ಟಿಯ ತುದಿಯಲ್ಲಿ 2 ಮಿಲಿಮೀಟರ್! ಅಪ್ಪನ ವರ್ನಿಯರ್ ಕ್ಯಾಲಿಪರನ್ನು ಮಗಳು ಶಾಲೆಗೆ ಒಯ್ದಿದ್ದಳು. ಅದು ಅಳೆಯುವ ಅತಿ ಸಣ್ಣ ಅಳತೆ 0.02 ಮಿಲಿಮೀಟರ್, ಈ ಪಟ್ಟಿಯಲ್ಲಿ 3000 ವರ್ಷ. 1537ರ ಕೆಂಪೇಗೌಡರ ಬೆಂಗಳೂರು ಇರಲಿ, ಬೆಂಗಳೂರಿನ ಹೆಸರಿರುವ ಬೇಗೂರಿನ ಸಾವಿರದ ನೂರು ವರ್ಷ ಹಳೆಯ ಶಾಸನವೂ ಅದರ ಹಲ್ಲಿಗೆ ಸಿಗುವುದಿಲ್ಲ.

ಆದರೆ ಲಾಲ್‌ಬಾಗಿನ ಬಂಡೆ ಸಿಗುತ್ತದೆ. ಸುಮಾರು 300 ಕೋಟಿ ವರ್ಷದ್ದು, ಪಟ್ಟಿಯಲ್ಲಿ ತುದಿಯಿಂದ 20 ಮೀಟರ್ ಹಿಂದಕ್ಕೆ ನಡೆಯಬೇಕು. ಈ ಬಗೆಯ ಶಿಲೆಗೆ 1916ರಲ್ಲಿ 'ಪೆನಿನ್ಸುಲಾರ್ ನೈಸ್' ಅಂತ ಹೆಸರಿಟ್ಟದ್ದು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಸ್ಮೀತ್.

2017ರಿಂದ ನಮ್ಮ ಗೊರಗುಂಟೆಪಾಳ್ಯ ಸ್ಟೇಷನ್ನಿನಿಂದ ಲಾಲ್‌ಬಾಗಿಗೆ ಒಂದೇ ಮೆಟ್ರೊ, ಹನ್ನೆರಡನೇ ಸ್ಟೇಷನ್. ಮಕ್ಕಳೇ ಟಿಕೆಟ್ ತೆಗೆದುಕೊಂಡರು. ಎರಡನೇ ಸ್ಟೇಷನ್ನಿನ ಹೆಸರು ಓದಿ ಒಬ್ಬ ಕಿರುಚಿದ, "ಸ್ಯಾಂಡಲ್ ಸೋಪ್ ಫ್ಯಾಕ್ಟರಿ! ಸೋಪಿಗೂ ಸ್ಟೇಷನ್ನಾ?" ಈ ಸಲ ನನಗೆ ತಡೆಯಲಾಗಲಿಲ್ಲ. ಮೊದಲ ಮಹಾಯುದ್ಧದಲ್ಲಿ ಯುರೋಪಿಗೆ ಹೋಗಬೇಕಿದ್ದ ಶ್ರೀಗಂಧ ಇಲ್ಲೇ ರಾಶಿ ಬಿದ್ದದ್ದು, ನಾಲ್ವಡಿಯವರು ಮತ್ತು ವಿಶ್ವೇಶ್ವರಯ್ಯನವರ ಕಾಲದಲ್ಲಿ 1916ರಲ್ಲಿ ಗಂಧದೆಣ್ಣೆ ತೆಗೆಯತೊಡಗಿದ್ದು, ಎಸ್.ಜಿ. ಶಾಸ್ತ್ರಿಗಳು ವಿದೇಶಕ್ಕೆ ಹೋಗಿ ಕಲಿತು ಬಂದು ಸೋಪು ಮಾಡಿದ್ದು, ಫ್ಯಾಕ್ಟರಿ 1957ರಲ್ಲಿ ಈ ಕಡೆಗೆ ಬಂದದ್ದು, ಎಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟೆ. ಮಗಳು ಕಣ್ಣು ಕೆಕ್ಕರಿಸಿದಳು. "ನಾವೇ ಕಂಡುಹಿಡೀತಿದ್ವಿ" :-(

ಬಂಡೆಯ ಮೇಲೆ ಮಕ್ಕಳು ಬೂಟು ಬಿಚ್ಚಿ ಅಂಗಾಲು ಊರಿ ನಿಂತರು. ಯಾರೂ ಹೇಳಿರಲಿಲ್ಲ. 20 ಮೀಟರ್ ಕರಿಬಟ್ಟೆಯ ಉದ್ದ ನಡೆದವರಿಗೆ ಮಾತ್ರ ಹಾಗೆ ನಿಲ್ಲಬೇಕು ಅನ್ನಿಸುತ್ತದೇನೋ. ನಾನು ಆ ಬಂಡೆಯ ಮೇಲೆ ಇಪ್ಪತ್ತು ಸಲ ಕೂತು ಕಡಲೆಕಾಯಿ ತಿಂದಿದ್ದೇನೆ, ಒಮ್ಮೆಯೂ ಅದು ಎಷ್ಟು ಹಳೆಯದು ಅಂತ ಕಾಲಿಗೆ ತಿಳಿದಿರಲಿಲ್ಲ.

*

ಇಷ್ಟೆಲ್ಲ ಬರೆದದ್ದು ಯಾಕೆ ಅಂದರೆ, ನಮ್ಮ ಸುತ್ತ ಮಾಂಟೆಸ್ಸರಿ ಅನ್ನುವ ಬೋರ್ಡುಗಳು ಬಹಳ ಇವೆ, ಆದರೆ ಹೆಚ್ಚಿನವು ಮಗುವಿಗೆ ಆರು ತುಂಬಿದಾಗ ಮುಗಿದುಬಿಡುತ್ತವೆ. ನಮ್ಮ ಮಣ್ಣಲ್ಲಿ, ಕೊಡೈಕನಾಲ್‌ನಲ್ಲಿ ರೂಪ ಪಡೆದ ಎರಡನೇ ಅರ್ಧವನ್ನೇ ನಾವು ಕೈಬಿಟ್ಟಿದ್ದೇವೆ. ಕೈಬಿಡಲು ಕಾರಣ ದುಡ್ಡೊಂದೇ ಅಲ್ಲ. ಗುಂಟೆ ಅಳೆಯಲು ಬೇಕಾದದ್ದು ಒಂದು ಹಗ್ಗ, ಸೀಮೆಸುಣ್ಣ, ಒಬ್ಬ ರಿಟೈರ್ಡ್ ಫಿಟ್ಟರ್. ಯಾವ ಸರ್ಕಾರಿ ಶಾಲೆಗೂ ಇದು ದುಬಾರಿಯಲ್ಲ. ನಮಗೆ ಇಲ್ಲದ್ದು ಮಕ್ಕಳು ನಡೆಯಬಹುದಾದ ರಸ್ತೆ, ಮತ್ತು ಅವರನ್ನು ಕಳಿಸುವ ಧೈರ್ಯ. ಆ ನಾಲ್ಕು ಮಕ್ಕಳು ಅವತ್ತು ಕ್ಲಾಸಿನಲ್ಲೇ ಕೂತು ಕಾಗದದ ಮೇಲೆ ಗುಂಟೆ ಬರೆದರಂತೆ. ಉತ್ತರ ಅವರಿಗೂ 1089 ಬಂತು. ಆದರೆ ಮೂಲೆ ಸೊಟ್ಟಗಾದದ್ದು ಅವರಿಗೆ ಗೊತ್ತಿಲ್ಲ, ಕಾಗದದ ಚೌಕ ಸೊಟ್ಟಗಾಗುವುದಿಲ್ಲವಲ್ಲ.

ನಿಮ್ಮೂರಲ್ಲಿ ಮಕ್ಕಳಿಗೆ ಒಂದು ಖಾಲಿ ಗುಂಟೆ ಸಿಗುತ್ತದಾ? ಒಮ್ಮೆ ಹಗ್ಗ ಹಿಡಿದು ನೋಡಿ, ಸಿಕ್ಕರೆ ನಿಮ್ಮ ಬ್ಲಾಗಿನಲ್ಲಿ ಬರೆಯಿರಿ, ಇಲ್ಲಿ ಕಾಮೆಂಟಿನಲ್ಲಿ ಲಿಂಕ್ ಹಾಕಿ. ಸಿಗದಿದ್ದರೆ ಅದನ್ನೂ ಬರೆಯಿರಿ.

ಅಂದ ಹಾಗೆ, ನಿನ್ನೆ ಮುಂದಿನ ಚೀಟಿ ಬಂತು. ಮೂರು ಮಕ್ಕಳು ಯಶವಂತಪುರ ಮಾರುಕಟ್ಟೆಗೆ ಹೋಗಿ ಈರುಳ್ಳಿ ಚೀಲ ಹೇಗೆ ತೂಗುತ್ತಾರೆ ಅಂತ ನೋಡಬೇಕಂತೆ. ಸಹಿ ಹಾಕಿಯಾಯಿತು, ಈ ಸಲ ಮೊದಲ ದಿನವೇ.